ಕಂದಹಾರದ ಶಾಲಿಗೆ ಒಳಬದಿ ಇಲ್ಲ

ರಮಝಾನ್‌ಗೆ ಇನ್ನೂ ಹತ್ತು ದಿನ ಉಂಟು ಎನ್ನುವಾಗಲೇ ನಮ್ಮ ಮದ್ರಸದಲ್ಲಿ ಪೆರ್ನಾಲ್ ಬಟ್ಟೆಯ ಸುದ್ದಿ ಶುರುವಾಗುತ್ತದೆ. ಮೊನ್ನೆ ಬೆಳಗ್ಗಿನ ಕ್ಲಾಸ್ ಬಿಟ್ಟ ಮೇಲೆ ಒಬ್ಬಳು ಹುಡುಗಿ ಕಿತಾಬಿನ ಚೀಲದಿಂದ ಒಂದು ಕವರ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಶಾಲೆಯಲ್ಲಿ ಅವಳು ಆರನೆ ತರಗತಿ. ತಂದೆ ಶಾರ್ಜಾದಲ್ಲಿದ್ದಾರೆ, ಊರಿಗೆ ಬರುವವರೊಬ್ಬರ ಕೈಯಲ್ಲಿ ಒಂದು ಶಾಲು ಕಳಿಸಿದ್ದಾರೆ. "ಉಸ್ತಾದ್, ಇದರ ಒಳಬದಿ ಯಾವುದು, ಹೊರಬದಿ ಯಾವುದು? ಉಮ್ಮನಿಗೂ ಗೊತ್ತಾಗುವುದಿಲ್ಲ" ಎಂದಳು. ನಾನು ಶಾರ್ಜಾದಲ್ಲಿದ್ದ ಕತೆಗಳನ್ನು ಆಗಾಗ ಕ್ಲಾಸಿನಲ್ಲಿ ಹೇಳುವುದರಿಂದ ಇಂತಹ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ.

ಬಿಡಿಸಿ ನೋಡಿದೆ. ತೆಳು ಬಟ್ಟೆ, ಗಿಳಿಹಸಿರು ಬಣ್ಣ. ಅಂಚಿಗೂ ಮೂಲೆಗಳಿಗೂ ಒತ್ತೊತ್ತಾಗಿ ನೂಲಿನ ಕೆಲಸ. ಚೌಕ, ತ್ರಿಕೋನ, ನಕ್ಷತ್ರ, ಎಲ್ಲ ಒಂದಕ್ಕೊಂದು ಹೊಂದಿಕೊಂಡು ಕೂತಿವೆ. ಮಗುಚಿ ಹಾಕಿದೆ. ಆಚೆ ಬದಿಯೂ ಹಾಗೆಯೇ. ಗಂಟಿಲ್ಲ, ತುಂಡು ನೂಲು ನೇತಾಡುವುದಿಲ್ಲ. "ಇದಕ್ಕೆ ಒಳಬದಿ ಇಲ್ಲ ಮಗಳೇ, ಎರಡೂ ಹೊರಬದಿಯೇ" ಎಂದು ಹೇಳಿ ಕಳಿಸಿದೆ.

ಅವಳಿಗೆ ಹೇಳಿದ್ದು ಅಷ್ಟೇ. ಉಳಿದದ್ದನ್ನು ಇಲ್ಲಿ ಬರೆಯಬೇಕೆನಿಸಿತು. ಏಕೆಂದರೆ ಈಗೀಗ ಈ 'ಅಫ್ಘಾನಿ ಶಾಲು' ನಮ್ಮ ಮನೆಗಳಿಗೂ ಮದುವೆ ಹಾಲ್‌ಗಳಿಗೂ ಬರುತ್ತಾ ಉಂಟು. ಹಾಕಿಕೊಳ್ಳುವವರಿಗೆ ಅದು ಎಂತದೆಂದು ಸರಿಯಾಗಿ ಗೊತ್ತಿಲ್ಲ. "ಇದೆಲ್ಲ ನಮಗೆ ಬೇಕಾ" ಎಂದು ಬೈಯುವ ಹಿರಿಯರಿಗೂ ಗೊತ್ತಿಲ್ಲ. ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ತಿಳಿದುಕೊಂಡು ಹಾಕಬೇಕು.

ಉಸ್ತಾದ್ ಆಗುವ ಮೊದಲು ನಾನು ಮೂರು ವರ್ಷ ಶಾರ್ಜಾದ ಒಂದು ಗ್ರೋಸರಿಯಲ್ಲಿ ದುಡಿದವ. ನಮ್ಮ ಪಕ್ಕದ ಕೋಣೆ ಒಬ್ಬ ಅಫ್ಘಾನಿಯ ರೊಟ್ಟಿ ಅಂಗಡಿ. ಗಲ್ಫ್‌ನಲ್ಲಿದ್ದವರಿಗೆ ಗೊತ್ತುಂಟು, ತಂದೂರಿನಲ್ಲಿ ಉದ್ದ ರೊಟ್ಟಿ ಸುಡುವವರಲ್ಲಿ ಬಹಳಷ್ಟು ಮಂದಿ ಆ ದೇಶದವರೇ. ಆತ ಕಂದಹಾರದವ. ನನಗಿಂತ ಹತ್ತು ವರ್ಷ ದೊಡ್ಡವ, ಖಾನ್ ಸಾಹೇಬ್ರೇ ಎಂದು ಕರೆಯುತ್ತಿದ್ದೆ. ಒಂದು ಪೆರ್ನಾಲ್ ಹತ್ತಿರ ಬಂದಾಗ ನನ್ನ ಹರಕು ಉರ್ದುವಿನಲ್ಲಿ, "ಹೊಸ ಲುಂಗಿ ತೆಗೆದುಕೊಳ್ಳಬೇಕು" ಎಂದೆ. ಆತನಿಗೆ ಬಹಳ ಖುಷಿ. "ಶಾಬಾಶ್, ಸುತ್ತಲು ನಾನೇ ಕಲಿಸುತ್ತೇನೆ" ಎಂದ. ಲುಂಗಿ ಉಡಲು ಇವನೇನು ಕಲಿಸುವುದು ಎಂದು ನನಗೆ ಆಶ್ಚರ್ಯ. ಆಮೇಲೆ ಗೊತ್ತಾಯಿತು, ಅವರ ಪಶ್ತೋ ಭಾಷೆಯಲ್ಲಿ 'ಲುಂಗೈ' ಎಂದರೆ ತಲೆಯ ಮುಂಡಾಸು! ನಾವು ಸೊಂಟಕ್ಕೆ ಕಟ್ಟುವ ಮಾತನ್ನು ಅವರು ತಲೆಗೆ ಕಟ್ಟುತ್ತಾರೆ. ಆ ದಿನ ಇಬ್ಬರೂ ನಕ್ಕದ್ದು ಇನ್ನೂ ನೆನಪುಂಟು.

'ಅಫ್ಘಾನಿ ಶಾಲು' ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಅಲ್ಲಿ ಒಂದಲ್ಲ. ಗಂಡಸರ ಲುಂಗೈ ಬೇರೆ. ಟೊಪ್ಪಿಯ ಮೇಲೆ ಹಲವು ಮೀಟರ್ ಬಟ್ಟೆ ಸುತ್ತಿ, ಒಂದು ತುದಿಯನ್ನು ಹೆಗಲಿಗೋ ಬೆನ್ನಿಗೋ ಇಳಿಬಿಡುತ್ತಾರೆ. ಆ ತುದಿಗೆ ಶಮ್ಲಾ ಎನ್ನುತ್ತಾರೆ. ದಸ್ತ್‌ಮಾಲ್ ಬೇರೆ, ಅದು ಚೌಕಳಿಯ ಚೌಕ ಬಟ್ಟೆ. ದಸ್ತ್ ಎಂದರೆ ಕೈ, ಮಾಲ್ ಎಂದರೆ ಒರೆಸುವುದು, ಹೆಸರೇ ಹಾಗೆ. ಹೆಗಲಲ್ಲಿರುತ್ತದೆ, ಬೆವರು ಒರೆಸುತ್ತಾರೆ, ಧೂಳು ಎದ್ದರೆ ಮೂಗಿಗೆ ಕಟ್ಟುತ್ತಾರೆ, ರೊಟ್ಟಿ ಸುತ್ತಿಕೊಂಡು ಹೋಗುತ್ತಾರೆ. ನಮ್ಮ ಬೈರಾಸಿನ ಹಾಗೆ ಎಂದುಕೊಳ್ಳಿ. ಇನ್ನೊಂದು ಪಟ್ಟು, ದಪ್ಪ ಉಣ್ಣೆಯದ್ದು. ಹಗಲು ಹೊದಿಕೆ, ರಾತ್ರಿ ಕಂಬಳಿ, ವಕ್ತ್ ಆದರೆ ಮುಸಲ್ಲಾ. ಹೆಂಗಸರದ್ದು ಚಾದರ್. ತಲೆಯಿಂದ ಹೆಗಲಿಗೆ, ಹೆಗಲಿನಿಂದ ಮೊಣಕೈವರೆಗೆ ಬರುವ ಉದ್ದ ಶಾಲು. ಟಿವಿಯಲ್ಲಿ ಕಾಣುವ, ಕಣ್ಣಿನ ಜಾಗದಲ್ಲಿ ಜಾಳಿಗೆಯಿರುವ ನೀಲಿ ಬುರ್ಖಾ ಇದಲ್ಲ. ಅದರ ಹೆಸರು ಚಾದರಿ. ಒಂದು ಅಕ್ಷರದ ವ್ಯತ್ಯಾಸ, ಆದರೆ ಬಟ್ಟೆ ಪೂರ್ತಿ ಬೇರೆ. ಚಾದರಿ ಹೊರಗೆ ಹೋಗುವಾಗ ಎಲ್ಲದರ ಮೇಲೆ ಹಾಕುವಂಥದ್ದು. ಚಾದರ್ ಮನೆಯೊಳಗೂ ಹಬ್ಬದಲ್ಲೂ ನೆಂಟರ ಮುಂದೆಯೂ ಇರುವಂಥದ್ದು.

ಹುಡುಗಿ ತಂದದ್ದು ಇಂತಹ ಚಾದರೇ. ಅದರ ಮೇಲಿದ್ದ ಸೂಜಿ ಕೆಲಸಕ್ಕೆ ಖಾಮಕ್ ಎಂದು ಹೆಸರು, ಕಂದಹಾರ ಅದರ ತವರು. ಸೀಸದಲ್ಲಿ ಹೂ ಬಿಡಿಸಿ ಅದರ ಮೇಲೆ ಹೊಲಿಯುವ ಕಸೂತಿ ಇದಲ್ಲ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಸೂಜಿ ಇಳಿಸಬೇಕು. ಒಂದು ಎಳೆ ತಪ್ಪಿದರೆ ಮುಂದಿನ ನಕ್ಷತ್ರ ವಾರೆಯಾಗುತ್ತದೆ. ನಮ್ಮ ಧಾರವಾಡ ಕಡೆಯ ಕಸೂತಿ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿಯೂ ಎಳೆ ಎಣಿಸಿಯೇ ಹೊಲಿಯುವುದು, ಗವಂತಿ ಎಂಬ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಎಲ್ಲಿಯ ಕಂದಹಾರ, ಎಲ್ಲಿಯ ಧಾರವಾಡ! ಖಾಮಕ್‌ಗೆ ಮೊದಲು ರೇಷ್ಮೆ ನೂಲೇ ಬೇಕಿತ್ತು, ಈಗ ಬೇರೆ ನೂಲೂ ಬಳಕೆಯಲ್ಲುಂಟು. ಗಂಡಸರ ಅಂಗಿಯ ಎದೆಗೆ ಹೆಚ್ಚಾಗಿ ಬಿಳಿಯ ಮೇಲೆ ಬಿಳಿ. ದೂರದಿಂದ ಎಂತದೂ ಕಾಣುವುದಿಲ್ಲ, ಹತ್ತಿರ ಬಂದರೆ ಮಾತ್ರ ಗೊತ್ತಾಗುತ್ತದೆ. ಹೆಂಗಸರ ಚಾದರಿಗೆ ಮಾತ್ರ ಬಣ್ಣ ಧಾರಾಳ.

ಖಾನ್ ಸಾಹೇಬ್ರ ಟ್ರಂಕಿನಲ್ಲಿ ಅಂತಹ ಒಂದು ಬಿಳಿ ಅಂಗಿ ಇತ್ತು. ಮದುವೆ ನಿಶ್ಚಯವಾದ ಮೇಲೆ ಹೆಂಡತಿಯಾಗುವವಳು ಹೊಲಿದು ಕಳಿಸಿದ್ದು. ಕಂದಹಾರದಲ್ಲಿ ಅದು ಪದ್ಧತಿ, ಹೆಣ್ಣಿನ ಕೈಯ ಕೆಲಸ ಮೊದಲು ಗಂಡಿನ ಮನೆಗೆ ಹೋಗುವುದು. ಹುಡುಗಿಯರು ಸಣ್ಣ ಪ್ರಾಯದಲ್ಲೇ ಉಮ್ಮಂದಿರ ಬಳಿ ಕೂತು ಕಲಿಯುತ್ತಾರೆ. ದೊಡ್ಡ ಕೆಲಸವಾದರೆ ತಿಂಗಳುಗಟ್ಟಲೆ ಬೇಕು. ಬೆಳಕು ಕಡಿಮೆ ಇರುವ ಮನೆಯಲ್ಲಿ ಕೂತು ಮಾಡಿ ಮಾಡಿ ಕಣ್ಣು ಸೋಲುತ್ತದೆ ಎಂದು ಆತನೇ ಹೇಳಿದ್ದು. ವರ್ಷಕ್ಕೆ ಎರಡೇ ಸಲ ಆ ಅಂಗಿ ಹೊರಗೆ ಬರುತ್ತಿತ್ತು, ಎರಡು ಪೆರ್ನಾಲ್‌ಗೆ. ಫಜ್ರ್ ಆದ ಕೂಡಲೇ ಸ್ನಾನ ಮಾಡಿ, ಅಂಗಿ ಹಾಕಿ, ಕನ್ನಡಿ ಇಲ್ಲದೆಯೇ ಲುಂಗೈ ಸುತ್ತಿ, ನಮ್ಮ ಅಂಗಡಿಯ ಮುಂದೆ ಬಂದು "ಅಖ್ತರ್ ಮುಬಾರಕ್" ಎನ್ನುತ್ತಿದ್ದ. ಈದ್‌ಗೆ ಪಶ್ತೋದಲ್ಲಿ ಅಖ್ತರ್ ಎನ್ನುತ್ತಾರೆ. ಊರಿಗೆ ಹೋಗಲಾಗದ ಗಂಡಸು ಹೆಂಡತಿಯ ಕೈಕೆಲಸವನ್ನು ಎದೆಯ ಮೇಲೆ ಹಾಕಿಕೊಂಡು ನಮಾಝಿಗೆ ಹೊರಡುವುದು. ಗಲ್ಫ್‌ನಲ್ಲಿ ಪೆರ್ನಾಲ್ ಮಾಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯ ಮದುವೆಯಲ್ಲಿ ಶಾಲಿಗೆ ಇನ್ನೊಂದು ಕೆಲಸ ಉಂಟು. ನಿಕಾಹ್ ಆದ ಮೇಲೆ ಗಂಡು ಹೆಣ್ಣನ್ನು ಅಕ್ಕಪಕ್ಕ ಕೂರಿಸಿ, ಇಬ್ಬರ ತಲೆಯ ಮೇಲೆ ಕಸೂತಿಯ ದೊಡ್ಡ ಶಾಲು ಹಿಡಿಯುತ್ತಾರೆ. ಶಾಲಿನ ಕೆಳಗೆ ಒಂದು ಕನ್ನಡಿ, ಒಂದು ಮುಸ್‌ಹಫ್. ಇಬ್ಬರೂ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದಕ್ಕೆ ಆಯಿನಾ ಮುಸಾಫ್ ಎಂದು ಹೆಸರು. ಆ ಹೊತ್ತಿಗೆ ಹೆಣ್ಣು ಹಸಿರು ಬಟ್ಟೆಯಲ್ಲಿರುವುದು ವಾಡಿಕೆ. ಮೈಲಾಂಜಿ ರಾತ್ರಿಯೂ ಹಸಿರೇ. ಇದನ್ನು ನಾವೂ ಮಾಡಬೇಕು ಎಂದು ನಾನು ಹೇಳುವುದಿಲ್ಲ, ಅದು ಅವರ ನಾಡಿನ ರಿವಾಜು, ದೀನಿನ ಕಡ್ಡಾಯವಲ್ಲ. ಈಗಾಗಲೇ ನಮ್ಮ ಮದುವೆಗಳಿಗೆ ಎಲ್ಲೆಲ್ಲಿಂದಲೋ ತಂದು ಸೇರಿಸಿದ ಶಾಸ್ತ್ರಗಳು ಸಾಕಷ್ಟಾಗಿವೆ. ಆ ಹಸಿರು ಶಾಲು ಎಲ್ಲಿಂದ ಬಂತು ಎಂದು ಗೊತ್ತಿರಲಿ ಎಂದಷ್ಟೇ.

ಈಗ ಮನೆಯ ಹೆಂಗಸರು ಕೇಳುವ ವಿಷಯಕ್ಕೆ ಬರುತ್ತೇನೆ. ಗಂಡಸಾದ ಉಸ್ತಾದ್ ಇದನ್ನೆಲ್ಲ ಹೇಳುವುದಾ ಎಂದು ನಗಬೇಡಿ. ನನ್ನ ಹೆಂಡತಿ ಹೊಲಿಗೆ ಮಾಡುವವಳು, ಮುಂದೆ ಬರೆದದ್ದರಲ್ಲಿ ಅರ್ಧ ಅವಳದ್ದು.

ಖಾಮಕ್ ಚಾದರಿನ ಸೊಗಸೆಲ್ಲ ಅಂಚಿನಲ್ಲೂ ಮೂಲೆಯಲ್ಲೂ ಇರುವುದು. ನಾವು ಸಾಮಾನ್ಯ ಸ್ಕಾರ್ಫ್ ಸುತ್ತುವ ಹಾಗೆ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಪಿನ್ ಹಾಕಿದರೆ ಆ ಕೆಲಸವೆಲ್ಲ ಮಡಿಕೆಯೊಳಗೆ ಹೋಗುತ್ತದೆ. ಆರು ತಿಂಗಳ ಕೆಲಸ ಮಡಿಕೆಯಲ್ಲಿ! ಅಫ್ಘಾನ್ ಹೆಂಗಸರು ಸುತ್ತುವುದಿಲ್ಲ, ಹೊದೆಯುತ್ತಾರೆ. ನೆತ್ತಿಯ ಮೇಲೆ ಇಟ್ಟು ಒಂದು ಬದಿ ಗಿಡ್ಡ, ಇನ್ನೊಂದು ಬದಿ ಉದ್ದ ಬಿಡಬೇಕು. ಉದ್ದದ ತುದಿಯನ್ನು ಗಲ್ಲದ ಕೆಳಗಿನಿಂದ ತಂದು ಎದುರು ಹೆಗಲಿನ ಮೇಲೆ ಹಿಂದಕ್ಕೆ ಹಾಕಬೇಕು. ಆಗ ಒಂದು ಮೂಲೆ ಎದೆಯ ಮೇಲೆ, ಇನ್ನೊಂದು ಬೆನ್ನಿನ ಮೇಲೆ ಪೂರ್ತಿ ಕಾಣುತ್ತದೆ. ಎರಡೂ ಬದಿ ಒಂದೇ ಆದ್ದರಿಂದ ಮಗುಚಿ ಬಿದ್ದರೂ ಹೆದರಿಕೆ ಇಲ್ಲ. ಇದೇ ಈ ಕೆಲಸದ ಉಪಯೋಗ ಎಂದು ನನ್ನ ಹೆಂಡತಿ ಕಂಡುಹಿಡಿದದ್ದು, ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

ಅಲ್ಲಿಯವರು ಅದನ್ನು ಸಡಿಲವಾಗಿ ಹೊದೆಯುತ್ತಾರೆ, ಕಾಬೂಲಿನವರಲ್ಲಿ ಮುಂದಲೆಯ ಕೂದಲು ಕಾಣುವುದೂ ಉಂಟು. ನಮ್ಮ ಹೆಂಗಸರಿಗೆ ಅದು ಸರಿಹೋಗುವುದಿಲ್ಲ, ಬಟ್ಟೆಯೂ ತೆಳು. ಆದ್ದರಿಂದ ಒಳಗೆ ಅದೇ ಬಣ್ಣದ ಟೊಪ್ಪಿಯೋ ಸಣ್ಣ ಸ್ಕಾರ್ಫೋ ಹಾಕಿ, ಮೇಲೆ ಚಾದರ್ ಹೊದೆಯುವುದು ಒಳ್ಳೆಯದು. ಪಿನ್ ಹಾಕುವುದಾದರೆ ಒಳಗಿನ ಟೊಪ್ಪಿಗೆ ಸೇರಿಸಿ, ಖಾಲಿ ಬಟ್ಟೆ ಇರುವ ಜಾಗದಲ್ಲಿ ಹಾಕಿ. ನೂಲಿನ ಕೆಲಸದ ಮೇಲೆ ಬೇಡ, ಒಂದು ಎಳೆ ಎದ್ದರೆ ಮತ್ತೆ ಕೂರಿಸಲಾಗದು. ಕೆಳಗೆ ಹಾಕುವ ಬಟ್ಟೆ ಒಂದೇ ಬಣ್ಣದ್ದಾಗಿರಲಿ. ಚಾದರಿನಲ್ಲೂ ಕೆಲಸ, ಕಮೀಝಿನಲ್ಲೂ ಕಲ್ಲು ಮಣಿ, ಕುತ್ತಿಗೆಗೆ ದೊಡ್ಡ ಸರ, ಇಷ್ಟೆಲ್ಲ ಒಟ್ಟಿಗಾದರೆ ಯಾವುದೂ ಕಾಣುವುದಿಲ್ಲ. ಅಲ್ಲದೆ ಕಲ್ಲು ಮಣಿ ಇರುವ ಬಟ್ಟೆಗೆ ಈ ನೂಲು ಸಿಕ್ಕಿಕೊಳ್ಳುತ್ತದೆ. ಕನ್ನಡಿ, ನಾಣ್ಯ ಹೊಲಿದ ಭಾರದ ಶಾಲುಗಳೂ ಬರುತ್ತವೆ. ಕೂಚಿ ಎನ್ನುವ ಅಲೆಮಾರಿ ಜನರ ಕೆಲಸ ಅದು. ಅಂಥದ್ದನ್ನು ತಲೆಗೆ ಹಾಕಿದರೆ ಜಾರುತ್ತದೆ, ಹೆಗಲಿಗೆ ಸಾಕು.

ನಮ್ಮ ಅಜ್ಜಿಯಂದಿರ ಕಾಲ ನೆನಪಿರುವವರಿಗೆ ಇದು ಹೊಸತೆಂದು ಕಾಣಲಿಕ್ಕಿಲ್ಲ. ತುಣಿ, ಕುಪ್ಪಾಯ, ತಲೆಗೆ ಯಲಸರ ಎಂದು ಮೂರು ಬಟ್ಟೆಯಲ್ಲಿ ಪೆರ್ನಾಲ್ ಮಾಡಿದವರು ಅವರು. ಪಿನ್ ಇಲ್ಲ, ಸುತ್ತು ಇಲ್ಲ. ಹೊದೆಯುವುದು, ಜಾರಿದರೆ ಎಳೆದುಕೊಳ್ಳುವುದು, ಅಷ್ಟೇ. ನಮ್ಮ ಹಿರಿಯ ಗಂಡಸರಿಗೂ ಬಿಳಿ ಮುಂಡಾಸು ಇತ್ತು. ಪೆಟ್ಟಿಗೆಯಲ್ಲಿ ಇನ್ನೂ ಯಲಸರ ಉಳಿದಿರುವ ಮನೆಯವರು ಈ ಪೆರ್ನಾಲ್‌ಗೆ ಅದನ್ನೇ ತೆಗೆದರೆ ನನಗೆ ಅಫ್ಘಾನಿ ಶಾಲಿಗಿಂತ ಹೆಚ್ಚು ಸಂತೋಷ.

ಗಂಡಸರಿಗೆ ಒಂದು ಎಚ್ಚರಿಕೆ. ಅಫ್ಘಾನಿಸ್ತಾನದ ಹೆರಾತ್ ರೇಷ್ಮೆಗೆ ಹೆಸರಾದ ಊರು, ಅಲ್ಲಿಯ ರೇಷ್ಮೆ ಲುಂಗೈ ಬಹಳ ಚಂದ. ಚಂದ ಹೌದು, ಆದರೆ ಶುದ್ಧ ರೇಷ್ಮೆ ಗಂಡಸರಿಗೆ ಧರಿಸಲಿಕ್ಕಿಲ್ಲ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತಿರುವ ವಿಷಯ. ಅಂಚಿನಷ್ಟು ಅಲ್ಪ ರೇಷ್ಮೆ ಕೆಲಸಕ್ಕೆ ಫಿಖ್‌ಹ್‌ನಲ್ಲಿ ರಿಯಾಯಿತಿ ಉಂಟು, ಅದಕ್ಕೂ ಅಳತೆ ಉಂಟು. ಸಂಶಯ ಬಂದರೆ ತಂದ ಬಟ್ಟೆಯನ್ನೇ ನಿಮ್ಮ ಜಮಾಅತ್‌ನ ಉಸ್ತಾದರಿಗೆ ತೋರಿಸಿ ಕೇಳಿ. ಹತ್ತಿಯ ಶಾಲು, ಉಣ್ಣೆಯ ಪಟ್ಟು ಇದ್ದರೆ ಈ ತಲೆಬಿಸಿಯೇ ಇಲ್ಲ. ಪಟ್ಟುವನ್ನು ಬೆನ್ನಿನಿಂದ ಹೊದ್ದು ಬಲದ ತುದಿಯನ್ನು ಎಡ ಹೆಗಲಿನ ಮೇಲೆ ಹಿಂದಕ್ಕೆ ಹಾಕಿದರೆ ಮುಗಿಯಿತು. ಬಿಳಿ ಜುಬ್ಬಾದ ಮೇಲೆ ಬಹಳ ಗಂಭೀರವಾಗಿ ಕಾಣುತ್ತದೆ. ಆದರೆ ಕರಾವಳಿಯ ಸೆಖೆಯಲ್ಲಿ ಉಣ್ಣೆ ಹೊದ್ದರೆ ಈದ್‌ಗಾಹ್‌ನಿಂದ ಮನೆಗೆ ಬರುವಷ್ಟರಲ್ಲಿ ನೀರಿಳಿದು ಹೋಗುತ್ತದೆ, ಅದು ನಿಮಗೆ ಬಿಟ್ಟದ್ದು.

ಅಸಲು ಯಾವುದು, ಮಷಿನ್‌ನದ್ದು ಯಾವುದು ಎಂದೂ ಕೇಳುತ್ತಾರೆ. ಆ ಹುಡುಗಿಯ ಪ್ರಶ್ನೆಯೇ ಉತ್ತರ. ಮಗುಚಿ ನೋಡಿ. ಮಷಿನ್ ಕೆಲಸದಲ್ಲಿ ಹಿಂದಿನ ಬದಿ ಕೆಳನೂಲು ಕಾಣುತ್ತದೆ, ಕತ್ತರಿಸಿದ ತುದಿಗಳು ಇರುತ್ತವೆ, ಕೆಲವಕ್ಕೆ ಹಿಂದೆ ಕಾಗದದಂಥ ಪಟ್ಟಿ ಅಂಟಿಸಿರುತ್ತಾರೆ. ಮಷಿನ್‌ನದ್ದು ಹಾಕಬಾರದು ಎಂದಿಲ್ಲ. ಎಲ್ಲರಿಗೂ ಅಸಲು ತೆಗೆದುಕೊಳ್ಳಲು ಆಗುವುದಿಲ್ಲ, ಮಗಳ ಆಸೆಗೆ ಸಾಲ ಮಾಡಿ ಶಾಲು ತರುವುದೂ ಬೇಡ. ಆದರೆ ಮಷಿನ್‌ನದ್ದನ್ನು ಕೈಕೆಲಸ ಎಂದು ಹೇಳಿ ಕೈಕೆಲಸದ ಕ್ರಯ ತೆಗೆದುಕೊಳ್ಳುವುದು ಮೋಸ. ಕೈಕೆಲಸದ್ದನ್ನು "ಮಷಿನ್‌ದು ಇಷ್ಟಕ್ಕೆ ಸಿಗುತ್ತದೆ" ಎಂದು ಚರ್ಚೆ ಮಾಡಿ ಅರ್ಧ ಕ್ರಯಕ್ಕೆ ಕೇಳುವುದೂ ನನಗೆ ಸರಿ ಕಾಣುವುದಿಲ್ಲ. ಮಧ್ಯದಲ್ಲಿ ನಾಲ್ಕು ಮಂದಿಯ ಕೈದಾಟಿ ಬರುವ ವಸ್ತು. ಕ್ರಯ ಇಳಿದರೆ ಮೊದಲು ಕಡಿಮೆಯಾಗುವುದು ಸೂಜಿ ಹಿಡಿದವಳ ಪಾಲು.

ಸೂಜಿ ಹಿಡಿದವಳ ವಿಷಯ ಬಂದಾಗ ಒಂದು ಹೆಸರು ಹೇಳಲೇಬೇಕು, ರಂಗೀನಾ ಹಮೀದಿ. ಕಂದಹಾರದಲ್ಲಿ ಹುಟ್ಟಿ, ಯುದ್ಧಕ್ಕೆ ಹೆದರಿ ಊರು ಬಿಟ್ಟ ಕುಟುಂಬದ ಜೊತೆ ಪಾಕಿಸ್ತಾನಕ್ಕೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ ಓದಿದವರು. 2003ರಲ್ಲಿ ಊರಿಗೆ ವಾಪಸು ಬಂದರು. ಮನೆಯಿಂದ ಹೊರಗೆ ಬರಲಾಗದ ಹೆಂಗಸರ ಮನೆಗೇ ಬಟ್ಟೆ, ನೂಲು ಮುಟ್ಟಿಸಿ, ಖಾಮಕ್ ಹೊಲಿಸಿ, ಮಾರಿ, ದುಡ್ಡು ಅವರ ಕೈಗೇ ಕೊಡುವ ಕೆಲಸ ಕಟ್ಟಿದರು. ಕಂದಹಾರ್ ಟ್ರೆಷರ್ ಎಂದು ಅದರ ಹೆಸರು. ಅವರ ತಂದೆ ಗುಲಾಂ ಹೈದರ್ ಹಮೀದಿ ಕಂದಹಾರದ ಮೇಯರ್ ಆಗಿದ್ದರು. 2011ರ ಜುಲೈಯಲ್ಲಿ ಒಬ್ಬ ಆತ್ಮಹತ್ಯಾ ದಾಳಿಕೋರ ಅವರನ್ನು ಕೊಂದ. ಬಾಂಬ್ ಇಟ್ಟದ್ದು ಎಲ್ಲಿ ಗೊತ್ತಾ? ತಲೆಯ ಲುಂಗೈ ಒಳಗೆ. ಎರಡು ತಿಂಗಳಲ್ಲಿ ಕಾಬೂಲಿನಲ್ಲಿ ಮಾಜಿ ಅಧ್ಯಕ್ಷ ಬುರ್‌ಹಾನುದ್ದೀನ್ ರಬ್ಬಾನಿಯವರನ್ನೂ ಅದೇ ರೀತಿ ಕೊಂದರು. ಶಾಂತಿ ಮಾತುಕತೆಯ ಸಂದೇಶ ತಂದಿದ್ದೇನೆ ಎಂದು ಮನೆಗೆ ಬಂದವನ ಮುಂಡಾಸಿನಲ್ಲಿ ಬಾಂಬ್ ಇತ್ತು.

ಮುಂಡಾಸು ಎಂದರೆ ಅವರಲ್ಲಿ ಮರ್ಯಾದೆ. ಇಲ್ಮ್ ಮುಗಿಸಿದವನ ತಲೆಗೆ ಉಸ್ತಾದರೇ ಸುತ್ತುತ್ತಾರೆ. ನಮ್ಮ ದೇಶದ ಉತ್ತರದ ಮದ್ರಸಗಳಲ್ಲೂ ದಸ್ತಾರ್‌ಬಂದಿ ಎನ್ನುವುದು ಅದಕ್ಕೇ. ಮೈ ತಡಕುವ ಪೊಲೀಸನೂ ಹಿರಿಯರ ಮುಂಡಾಸಿಗೆ ಕೈ ಹಾಕುವುದಿಲ್ಲ ಎಂಬ ಆ ಮರ್ಯಾದೆಯನ್ನೇ ಕೊಲ್ಲುವವರು ಉಪಯೋಗಿಸಿಕೊಂಡರು. ಆಮೇಲೆ ಎಲ್ಲರ ಮುಂಡಾಸು ಬಿಚ್ಚಿಸಿ ನೋಡುವ ಸ್ಥಿತಿ ಬಂತು. ಒಳ್ಳೆಯ ವಸ್ತುವಿಗೆ ಕೆಟ್ಟ ಹೆಸರು ಬರುವುದು ಹೊರಗಿನವರಿಂದ ಮಾತ್ರ ಅಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ತಂದೆ ಸತ್ತ ಮೇಲೂ ರಂಗೀನಾ ಕಂದಹಾರದ ಕೆಲಸ ಬಿಡಲಿಲ್ಲ. 2020ರಲ್ಲಿ ಅವರು ಅಫ್ಘಾನಿಸ್ತಾನದ ಶಿಕ್ಷಣ ಸಚಿವೆಯಾದರು. 2021ರ ಆಗಸ್ಟಿನಲ್ಲಿ ಆ ಸರಕಾರವೇ ಬಿದ್ದುಹೋಯಿತು. ಸೆಪ್ಟಂಬರಿನಲ್ಲಿ ದೊಡ್ಡ ತರಗತಿಯ ಗಂಡುಮಕ್ಕಳಿಗೆ ಶಾಲೆ ತೆರೆದರು, ಹೆಣ್ಣುಮಕ್ಕಳಿಗೆ ತೆರೆಯಲಿಲ್ಲ. 2022ರ ಮಾರ್ಚ್ 23ರಂದು ತೆರೆಯುತ್ತೇವೆ ಎಂದು ಹೇಳಿ, ಹುಡುಗಿಯರು ಬ್ಯಾಗ್ ಹಾಕಿಕೊಂಡು ಬಂದ ಮೇಲೆ ಅದೇ ದಿನ ವಾಪಸು ಕಳಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯದ ಬಾಗಿಲೂ ಮುಚ್ಚಿತು. ಈಗ ಅಲ್ಲಿ ಹೆಣ್ಣುಮಗಳ ಶಾಲೆ ಆರನೆ ತರಗತಿಗೆ ಮುಗಿಯುತ್ತದೆ. ನನ್ನ ಮೇಜಿನ ಮೇಲೆ ಶಾಲು ಇಟ್ಟ ಹುಡುಗಿಯೂ ಆರನೆಯದ್ದೇ. ಬರುವ ಜೂನ್‌ಗೆ ಅವಳು ಏಳನೆಗೆ ಹೋಗುತ್ತಾಳೆ. ಆ ಶಾಲು ಹೊಲಿದ ಮನೆಯಲ್ಲಿ ಅದೇ ಪ್ರಾಯದ ಮಗಳಿದ್ದರೆ ಅವಳ ಕೈಯಲ್ಲಿ ಇನ್ನು ಸೂಜಿ ಮಾತ್ರ. ಮನೆಯೊಳಗೆ ಕೂತು ಮಾಡುವ ಈ ಕೆಲಸ, ಅಲ್ಲಿಯ ಹೆಂಗಸರಿಗೆ ಉಳಿದಿರುವ ಕೆಲವೇ ಸಂಪಾದನೆಗಳಲ್ಲಿ ಒಂದು.

ಸೂಜಿ ಕೆಲಸ ಕೀಳಲ್ಲ, ಅದನ್ನು ಇಷ್ಟು ಹೊತ್ತು ಹೊಗಳಿದವನೇ ನಾನು. ಆದರೆ ಕಿತಾಬು ಕಿತ್ತುಕೊಂಡು ಸೂಜಿ ಕೊಡುವುದನ್ನು ದೀನ್ ಎಂದು ಹೇಳಿದರೆ ಇಪ್ಪತ್ತು ವರ್ಷ ಮಕ್ಕಳಿಗೆ ದೀನ್ ಕಲಿಸಿದ ನನಗೆ ಒಪ್ಪಲಿಕ್ಕೆ ಆಗುವುದಿಲ್ಲ. ಇದು ನನ್ನೊಬ್ಬನ ಮಾತಲ್ಲ. ವಿಶ್ವವಿದ್ಯಾನಿಲಯ ಮುಚ್ಚಿದಾಗ ಅಲ್ ಅಝ್‌ಹರ್‌ನ ಗ್ರ್ಯಾಂಡ್ ಇಮಾಂ ಅಹ್ಮದ್ ಅಲ್ ತಯ್ಯಿಬ್ ಇದು ಶರೀಅತ್‌ಗೆ ವಿರುದ್ಧ ಎಂದು ಬಹಿರಂಗವಾಗಿಯೇ ಹೇಳಿದರು. ನಮ್ಮ ಜಿಲ್ಲೆಯಲ್ಲೇ ಹೆಣ್ಣುಮಕ್ಕಳನ್ನು ಹತ್ತನೆ ತರಗತಿ ಮುಗಿಸಲು ಬಿಡದ ಕಾಲ ಒಂದಿತ್ತು, ಆಗ ಹೇಳುತ್ತಿದ್ದ ಕಾರಣಗಳೂ ಇಂಥವೇ. ಈಗ ನಮ್ಮ ಹುಡುಗಿಯರು ಡಾಕ್ಟರ್ ಆಗಿದ್ದಾರೆ, ಟೀಚರ್ ಆಗಿದ್ದಾರೆ. ಹಳೆಯದನ್ನು ಮರೆಯುವುದು ಬೇಡ. ಮಂಗಳೂರು, ಮೈಸೂರು ವಿಶ್ವವಿದ್ಯಾನಿಲಯಗಳಿಗೆ ಅಫ್ಘಾನ್ ವಿದ್ಯಾರ್ಥಿಗಳು ಬಂದು ಓದಿದ್ದುಂಟು. 2021ರ ಆಗಸ್ಟಿನಲ್ಲಿ ಅವರು ಊರಿನ ಸುದ್ದಿಗೆ ಫೋನ್ ಹಿಡಿದು ಕೂತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ಸಂಕಟ ನಮ್ಮ ಬಾಗಿಲಿನವರೆಗೂ ಬಂದು ಹೋಗಿದೆ.

ಅದೇ 2021ರ ಸೆಪ್ಟಂಬರಿನಲ್ಲಿ ಇನ್ನೊಂದು ನಡೆಯಿತು. ಹೊಸ ಆಡಳಿತದ ಪರವಾಗಿ ಕಾಬೂಲಿನ ಒಂದು ವಿಶ್ವವಿದ್ಯಾನಿಲಯದ ಹಾಲ್‌ನಲ್ಲಿ ಅಡಿಯಿಂದ ಮುಡಿವರೆಗೆ ಕಪ್ಪು ಹೊದ್ದ ಹೆಂಗಸರನ್ನು ಕೂರಿಸಿದ ಫೋಟೊ ಬಂತು. ಬಹಾರ್ ಜಲಾಲಿ ಎಂಬ ಇತಿಹಾಸದ ಅಧ್ಯಾಪಕಿ, ನಮ್ಮ ಬಟ್ಟೆ ಇದಲ್ಲ ಎಂದು ತನ್ನ ಹಸಿರು ಕಸೂತಿಯ ಉಡುಪಿನ ಫೋಟೊ ಹಾಕಿದರು. ನನ್ನ ಬಟ್ಟೆ ಮುಟ್ಟಬೇಡಿ ಎಂಬುದು ಅವರ ಮಾತು. ಬೇರೆ ಬೇರೆ ದೇಶಗಳಲ್ಲಿದ್ದ ಅಫ್ಘಾನ್ ಹೆಂಗಸರು ತಮ್ಮ ಕೆಂಪು, ಹಳದಿ, ನೇರಳೆ ಉಡುಪು, ಕಸೂತಿ ಶಾಲುಗಳ ಫೋಟೊ ಹಾಕುತ್ತಾ ಹೋದರು. ಕೆಲವರ ತಲೆ ಮುಚ್ಚಿತ್ತು, ಕೆಲವರದ್ದು ಇಲ್ಲ, ಆ ಚರ್ಚೆ ಬೇರೆ. ಮುಚ್ಚುವುದಕ್ಕೂ ಅಲ್ಲಿ ಸಾವಿರ ಬಣ್ಣ ಇದ್ದವು ಎಂಬುದು ನನಗೆ ಮುಖ್ಯವಾಗಿ ಕಂಡದ್ದು.

ಹೀಗಿರುವಾಗ ನಮ್ಮ ಹುಡುಗರು ಮಾಡುವುದನ್ನು ನೋಡಿ ಬೇಸರವಾಗುತ್ತದೆ. ಕಳೆದ ವರ್ಷ ಒಂದು ನಿಕಾಹ್‌ಗೆ ಹೋಗಿದ್ದೆ. ಪುಯ್ಯಾಪ್ಲೆಯ ಗೆಳೆಯರು ಎಂಟು ಹತ್ತು ಮಂದಿ 'ಅಫ್ಘಾನ್ ಥೀಮ್' ಎಂದು ಕಪ್ಪು ಮುಂಡಾಸು ಸುತ್ತಿ, ಕಣ್ಣಿಗೆ ಸುರ್ಮಾ ಹಚ್ಚಿ, ಕೈಯಲ್ಲಿ ಆಟದ ಬಂದೂಕು ಹಿಡಿದು ಹಾಲ್‌ನ ಬಾಗಿಲಲ್ಲಿ ರೀಲ್ಸ್ ಮಾಡುತ್ತಿದ್ದರು. ಹಿರಿಯರು ನಗುತ್ತಾ ನೋಡುತ್ತಿದ್ದರು. ನಾನು ಒಬ್ಬನನ್ನು ಕರೆದು, "ಇದು ಎಲ್ಲಿಯ ಮದುವೆಯ ಬಟ್ಟೆ ಮಾರಾಯ?" ಎಂದು ಕೇಳಿದೆ. "ಸುಮ್ಮನೆ ತಮಾಷೆ ಉಸ್ತಾದ್" ಎಂದ. ತಮಾಷೆ ನಿನಗೆ. ಆ ಫೋಟೊದ ಕೆಳಗೆ ಯಾರು ಎಂತ ಬರೆದು ಎಲ್ಲಿಗೆ ಕಳಿಸುತ್ತಾರೆ ಎಂದು ನಿನಗೆ ಗೊತ್ತುಂಟಾ? ನಮ್ಮ ಜಿಲ್ಲೆಯ ಗಾಳಿ ಹೇಗಿದೆ ಎಂದು ನಾನು ಬರೆಯಬೇಕಾಗಿಲ್ಲ. ಒಬ್ಬನ ತಮಾಷೆಗೆ ಇಡೀ ಮಹಲ್ಲೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕಿಂತಲೂ ನನಗೆ ನೋವಾದದ್ದು ಬೇರೆ. ಒಂದು ನಾಡಿನ ಮದುವೆಯಲ್ಲಿ ಕನ್ನಡಿ ಉಂಟು, ಹಸಿರು ಶಾಲು ಉಂಟು, ಬಿಳಿ ಅಂಗಿಯ ಎದೆಗೆ ಹೆಣ್ಣಿನ ಕೈಕೆಲಸ ಉಂಟು, ದೋಲು ಬಾರಿಸಿ ಸುತ್ತು ಹಾಕುವ ಅತ್ತನ್ ಕುಣಿತ ಉಂಟು. ಅಷ್ಟರಲ್ಲಿ ನಮ್ಮ ಹುಡುಗರಿಗೆ ಸಿಕ್ಕಿದ್ದು ಬಂದೂಕು ಒಂದೇ.

ಬಟ್ಟೆಯಲ್ಲಿ ಒಳ್ಳೆಯ ಮಾತೂ ಹೇಳಲಿಕ್ಕಾಗುತ್ತದೆ. 2001ರ ಕೊನೆಗೆ ಹಾಮಿದ್ ಕರ್ಝಾಯ್ ಅಧಿಕಾರಕ್ಕೆ ಬಂದಾಗ ಉಡುತ್ತಿದ್ದದ್ದನ್ನು ನಮ್ಮ ಪ್ರಾಯದವರು ಪೇಪರಿನಲ್ಲಿ ನೋಡಿರಬಹುದು. ತಲೆಗೆ ಕುರಿಮರಿ ಚರ್ಮದ ಕರಾಕುಲ್ ಟೊಪ್ಪಿ, ಒಳಗೆ ಪಶ್ತೂನರ ಉದ್ದ ಅಂಗಿ, ಮೇಲೆ ಉತ್ತರದ ಉಝ್ಬೆಕರ ಪಟ್ಟೆಪಟ್ಟೆ ಚಪಾನ್. ಒಂದೊಂದು ಒಂದೊಂದು ಜನರದ್ದು. ತಮ್ಮತಮ್ಮಲ್ಲೇ ಹೊಡೆದಾಡಿದ ಜನರನ್ನು ಒಂದೇ ಮೈಯ ಮೇಲೆ ಸೇರಿಸುವ ಆಲೋಚನೆ. ಅವರ ಆಡಳಿತದ ಬಗ್ಗೆ ನೂರು ದೂರು ಇರಬಹುದು, ಆ ಉಡುಪಿನ ಆಲೋಚನೆ ಒಳ್ಳೆಯದೇ.

ಆದ್ದರಿಂದ ಈ ಸಲ ಮಕ್ಕಳಿಗೆ ಶಾಲು ತರುವ ತಂದೆತಾಯಂದಿರಲ್ಲಿ ನನ್ನದೊಂದು ಕೇಳಿಕೆ. ಗಲ್ಫ್‌ನಲ್ಲಿರುವವರು ಅಂಗಡಿಯವನ ಹತ್ತಿರ ಇದು ಯಾವ ಊರಿನದ್ದು, ಕೈಯದ್ದಾ ಮಷಿನ್‌ದಾ ಎಂದು ಎರಡು ಮಾತು ಕೇಳಿ ತನ್ನಿ. ಕೊಡುವಾಗ ಆ ಎರಡು ಮಾತನ್ನು ಮಗಳಿಗೂ ಹೇಳಿ. ಪೆರ್ನಾಲ್ ದಿನ ನೆಂಟರು "ಎಲ್ಲಿಂದ ಇದು?" ಎಂದರೆ "ಗಲ್ಫ್‌ನಿಂದ" ಎಂದು ಅವಳು ಹೇಳದಿರಲಿ. ಕಂದಹಾರದಿಂದ ಎಂದು ಹೇಳಲಿ.

ಇನ್ನು ಒಗೆಯುವ ವಿಷಯ. ಆ ಹುಡುಗಿಯ ಉಮ್ಮ ಮರುದಿನ ಹೇಳಿ ಕಳಿಸಿ ಕೇಳಿದ್ದರು, ಇನ್ನೂ ಕೆಲವರು ಕೇಳಿದ್ದಾರೆ. ವಾಷಿಂಗ್ ಮಷಿನ್‌ಗೆ ಖಂಡಿತ ಹಾಕಬೇಡಿ. ಮೊದಲ ಸಲ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ, ಬಣ್ಣ ಬಿಡುವುದಾದರೆ ಅಲ್ಲೇ ಗೊತ್ತಾಗುತ್ತದೆ. ತಣ್ಣೀರಿನಲ್ಲಿ ಸ್ವಲ್ಪವೇ ಶಾಂಪೂ ಹಾಕಿ ಅದ್ದಿ ತೆಗೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ನೀರು ತೆಗೆದು ನೆರಳಿನಲ್ಲಿ ಹಾಸಿ ಒಣಗಿಸಿ. ಇಸ್ತ್ರಿ ಹಾಕುವಾಗ ಮೇಲೆ ಒಂದು ತೆಳು ಬಟ್ಟೆ ಇರಲಿ. ಯಾವ ಬದಿಯಿಂದ ಹಾಕಿದರೂ ಆಗುತ್ತದೆ.